ಕೋರಂ ಇಲ್ಲದ ಬೆಂಚು

ವಿಡ್ಲಿಕೋಟ್ ಗ್ರಾಮದ ಪ್ಯಾರಿಷ್ ಕೌನ್ಸಿಲ್ಲಿಗೆ ಏನೇನು ಅಧಿಕಾರವಿದೆ ಎಂದು ಯಾರಾದರೂ ಕೇಳಿದರೆ ನಾನು ಗೌರವದಿಂದಲೇ ಹೇಳುತ್ತೇನೆ: ರಸ್ತೆ ಬದಿಯ ಹುಲ್ಲು, ಬೆಂಚು, ಮತ್ತು ನಾಯಿಗಳು ಆ ಹುಲ್ಲಿನ ಮೇಲೆ ಮಾಡಿಹೋಗುವ ಕೆಲಸ. ಯುದ್ಧ, ತೆರಿಗೆ, ರೈಲು ಮುಂತಾದ ಚಿಲ್ಲರೆ ವಿಷಯಗಳನ್ನು ಲಂಡನ್ನಿಗೆ ಬಿಟ್ಟುಕೊಟ್ಟಿದ್ದೇವೆ. ಹೆಸರಿನಲ್ಲಿ ಪ್ಯಾರಿಷ್ ಎಂಬ ಚರ್ಚಿನ ಪದವಿದ್ದರೂ ಪಾದ್ರಿಗೂ ಇದಕ್ಕೂ ಸಂಬಂಧವಿಲ್ಲ. ದೇವರಿಗಂತೂ ಇಲ್ಲವೇ ಇಲ್ಲ. ಅದು ಈ ಕಥೆ ಮುಗಿಯುವ ಹೊತ್ತಿಗೆ ನಿಮಗೇ ತಿಳಿಯುತ್ತದೆ.

ನನ್ನ ಹೆಸರು ಮೇಬಲ್. ಊರ ಸಭಾಭವನದ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಸಭೆಗೆ ಮುಂಚೆ ಕುರ್ಚಿ ಹಾಕುವುದು, ನಡುವೆ ಚಹಾ ಕೊಡುವುದು, ಕೊನೆಗೆ ದೀಪ ಆರಿಸುವುದು ನನ್ನ ಕೆಲಸ. ಕೌನ್ಸಿಲ್ಲಿನ ಸಂಬಳ ತಿನ್ನುವವರು ಅದರ ಸದಸ್ಯರಾಗುವ ಹಾಗಿಲ್ಲ ಎಂದು ನಿಯಮವಿದೆ. ಆ ನಿಯಮ ಮಾಡಿದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ನನ್ನ ಮನೆಗೂ ಬರ್ನಾರ್ಡ್ ಟಟಲ್ ಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಬರ್ನಾರ್ಡ್ ಪೇಟೆಯ ಬೂಟಿನ ಅಂಗಡಿಯಲ್ಲಿ ಆಯುಷ್ಯ ಕಳೆದು ನಿವೃತ್ತನಾದವನು. ಗಿರಾಕಿ ಏನೇ ಅಂದರೂ "ಹೌದು ಹೌದು" ಎನ್ನುವ ಅಭ್ಯಾಸವನ್ನು ಅಂಗಡಿಯಿಂದ ಮನೆಗೂ ತಂದಿದ್ದ. ಅವನ ಹೆಂಡತಿ ವಿನ್ನಿಯದು ತದ್ವಿರುದ್ಧ. ಯಾರು ಏನು ಕೊಡಬಂದರೂ "ಅಯ್ಯೋ ಬೇಡ" ಎನ್ನುವವಳು. ಇದು ಅವಳೊಬ್ಬಳ ಗುಣವಲ್ಲ, ನಮ್ಮೂರಿನ ಶಿಷ್ಟಾಚಾರ. ಕಾರಿನಲ್ಲಿ ಕರೆದುಕೊಂಡು ಹೋಗಲೇ ಎಂದು ಒಂದು ಸಲ ಕೇಳಬೇಕು. ಅವರು ಬೇಡ ಎನ್ನಬೇಕು. ಕೇಳಿದವರು ಕರ್ತವ್ಯ ಮುಗಿಯಿತೆಂದು ಮನೆಗೆ ಹೋಗಬೇಕು. ಎರಡನೇ ಸಲ ಕೇಳಿದರೆ ಮೈಮೇಲೆ ಬಿದ್ದ ಹಾಗೆ. ಇಂಥ ಸಭ್ಯತೆಯಲ್ಲಿ ವಿನ್ನಿಯನ್ನು ಮೀರಿಸುವವರು ಊರಿನಲ್ಲಿ ಇರಲಿಲ್ಲ.

ವಿನ್ನಿಗೆ ಒಡಹುಟ್ಟಿದವಳು ಅಂತ ಇದ್ದದ್ದು ಎಲ್ಸಿ ಒಬ್ಬಳೇ. ಅಕ್ಕ. ಪೇಟೆಯ ವೃದ್ಧಾಶ್ರಮದಲ್ಲಿದ್ದಳು. ತನ್ನ ಕೋಣೆ ಯಾವುದು, ಊಟ ಆಯಿತೋ ಇಲ್ಲವೋ ಎಲ್ಲವನ್ನೂ ಮರೆಯುತ್ತಿದ್ದಳು. ಮಂಗಳವಾರವನ್ನು ಮಾತ್ರ ಮರೆಯುತ್ತಿರಲಿಲ್ಲ. ಆ ದಿನ ಬೆಳಿಗ್ಗೆಯೇ ನೀಲಿ ಟೋಪಿ ಹಾಕಿಕೊಂಡು ಕಿಟಕಿಯ ಹತ್ತಿರ ಕೂತುಬಿಡುತ್ತಿದ್ದಳು. ಮಂಗಳವಾರ ನಮ್ಮೂರಿನಿಂದ ಪೇಟೆಗೆ ಬಸ್ಸು ಹೋಗುತ್ತಿತ್ತು, ಆ ಬಸ್ಸಿನಲ್ಲಿ ವಿನ್ನಿ ಬರುತ್ತಿದ್ದಳು.

ಆ ಚಳಿಗಾಲದಲ್ಲಿ ವಿನ್ನಿಯ ಸೊಂಟದ ಕೀಲು ಕೈಕೊಟ್ಟಿತು. ಮೆಲ್ಲಗೆ ನಡೆಯಬಲ್ಲಳು, ಕೂರಬಲ್ಲಳು, ನಿಲ್ಲಲಾರಳು. ನಮ್ಮ ಬಸ್ ಸ್ಟಾಪಿನಲ್ಲಿ ಮಾಡಬಹುದಾದ ಕೆಲಸ ನಿಲ್ಲುವುದೊಂದೇ. ದಿಣ್ಣೆಯ ಮೇಲೆ ಒಂದು ಕಂಬ, ಕಂಬದ ಹಿಂದೆ ಮುಳ್ಳುಬೇಲಿ, ಬೇಲಿಯ ಬುಡದಲ್ಲಿ ಸೊಂಪಾಗಿ ಬೆಳೆದ ತುರಿಕೆ ಗಿಡ. ಬಸ್ಸು ಬರುವ ಹೊತ್ತು ಕಂಬದ ಮೇಲೆ ಬರೆದಿದೆ. ಬಸ್ಸು ಅದನ್ನು ಓದಿದಂತೆ ಕಾಣುವುದಿಲ್ಲ.

ಅಲ್ಲೊಂದು ಬೆಂಚು ಬೇಕು. ಅಷ್ಟೇ ವಿಷಯ. ಇದರಲ್ಲಿ ಕಥೆ ಏನಿದೆ ಎಂದು ನೀವು ಕೇಳಿದರೆ, ನೀವು ಕೌನ್ಸಿಲ್ಲಿನ ಸಭೆಗೆ ಬಂದಿಲ್ಲ ಎಂದಾಯಿತು.

ಬರ್ನಾರ್ಡ್ ಬಂದ. ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಸಾರ್ವಜನಿಕರಿಗೆಂದು ನಾನು ಹಾಕಿದ್ದ ಕುರ್ಚಿಗಳ ಹಿಂದಿನ ಸಾಲಿನಲ್ಲಿ ಕೂತು, ಹೇಳಬೇಕಾದ ಮಾತನ್ನು ತುಟಿಯಲ್ಲೇ ಗುಣುಗುಟ್ಟುತ್ತಿದ್ದ. ಸಾರ್ವಜನಿಕರೆಂದರೆ ಆ ದಿನ ಅವನೊಬ್ಬನೇ. ಮೇಜಿನ ಆ ಕಡೆ ಅಧ್ಯಕ್ಷೆ ಮಿಸ್ ಕ್ರಾಲಿ. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಊರಿನ ಅರ್ಧ ಜನಕ್ಕೆ ಕಿವಿ ಹಿಂಡಿದವರು. ಪಕ್ಕದಲ್ಲಿ ಕುರಿ ಸಾಕುವ ಗಾಡ್‌ಫ್ರಿ ಸ್ಟಬ್ಸ್, ಎಂದಿನಂತೆ ನಿದ್ದೆಯಲ್ಲಿ. ಕೊನೆಯಲ್ಲಿ ಕಾರ್ಯದರ್ಶಿ ಕ್ವಿಲ್ಟರ್, ಮಡಿಲಲ್ಲಿ ನಿಯಮಗಳ ಪುಸ್ತಕ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ವರ ಕೊಡುವವರ ಕುರ್ಚಿಗಳು ಬಹಳ ಕಾಲದಿಂದ ಖಾಲಿ. ಪೂಜಾರಿ ಒಂದು ಸಭೆಯನ್ನೂ ತಪ್ಪಿಸಿದವನಲ್ಲ.

ಕಾರ್ಯದರ್ಶಿಯನ್ನು ಬಿಟ್ಟು ಮೂವರು ಸದಸ್ಯರಿದ್ದರೆ ಕೋರಂ, ಇಲ್ಲದಿದ್ದರೆ ತೆರವಾದ ಸ್ಥಾನ ತುಂಬುವುದು ಬಿಟ್ಟು ಸಭೆ ಏನನ್ನೂ ಮಾಡುವ ಹಾಗಿಲ್ಲ. ಮೂರನೆಯವಳಾಗಿದ್ದ ಪಶುವೈದ್ಯರ ವಿಧವೆ ಹಿಂದಿನ ತಿಂಗಳು ಸಮುದ್ರದ ಕಡೆಗೆ ಮನೆ ಬದಲಾಯಿಸಿ ಪಾರಾಗಿದ್ದಳು.

"ತೆರವಾದ ಸ್ಥಾನಕ್ಕೆ ಸಾರ್ವಜನಿಕರಲ್ಲಿ ಯಾರಾದ್ರೂ ಮನಸ್ಸು ಮಾಡ್ತೀರಾ?" ಎಂದು ಮಿಸ್ ಕ್ರಾಲಿ ಕೇಳಿದರು. ವಾಡಿಕೆಗೆ ಕೇಳಿದ್ದು. ಅದಕ್ಕೆ ಉತ್ತರ ಬಂದ ಇತಿಹಾಸವೇ ಇರಲಿಲ್ಲ.

ತನ್ನ ಮಾತಿನ ತಾಲೀಮಿನಲ್ಲಿ ಮುಳುಗಿದ್ದ ಬರ್ನಾರ್ಡ್ "ಸಾರ್ವಜನಿಕರು" ಎಂಬಲ್ಲಿಗೆ ಎಚ್ಚೆತ್ತು, ಸರದಿ ಎಲ್ಲಿ ತಪ್ಪಿಹೋಗುತ್ತದೋ ಎಂದು ಹೆದರಿ, ಕೈ ಎತ್ತಿದ.

ಸ್ಟಬ್ಸ್ ತಾನಾಗಿ ಎಚ್ಚರಗೊಂಡ.

"ಟಟಲ್ ಅವರು ಒಪ್ಪಿದ್ದಾರೆ," ಎಂದರು ಮಿಸ್ ಕ್ರಾಲಿ. "ಅನುಮೋದನೆ?"

"ಆಯ್ತು ಆಯ್ತು, ಬೇಗ ಬರ್ಕೊಳ್ರೀ ಕ್ವಿಲ್ಟರ್, ಮನಸ್ಸು ಬದಲಾಯಿಸಿಬಿಟ್ಟಾನು," ಎಂದ ಸ್ಟಬ್ಸ್.

"ಅಲ್ಲ, ನಾನು ಬಂದಿದ್ದು ಒಂದು ಬೆಂಚಿನ ಬಗ್ಗೆ..." ಎಂದು ಬರ್ನಾರ್ಡ್ ಶುರುಮಾಡಿದ.

"ಆ ಕುರ್ಚಿ ಬಿಟ್ಟು ಈ ಕಡೆ ಬನ್ನಿ. ಸದಸ್ಯರು ಸಾರ್ವಜನಿಕರ ಜಾಗದಿಂದ ಮಾತಾಡೋ ಹಾಗಿಲ್ಲ," ಎಂದ ಕ್ವಿಲ್ಟರ್.

ಬರ್ನಾರ್ಡ್ ಬಂದು ಈ ಕಡೆ ಕೂತ. ಮಿಸ್ ಕ್ರಾಲಿ ಕೈ ಕುಲುಕಿದರು. ಇಷ್ಟು ಸಂತೋಷದಿಂದ ಅವನ ಕೈಯನ್ನು ಮದುವೆಯ ದಿನವೂ ಯಾರೂ ಕುಲುಕಿರಲಿಲ್ಲ. ತಪ್ಪಾಯಿತು ಎಂದು ಹೇಳಿ ಇಷ್ಟು ಜನರನ್ನು ಮುಜುಗರಕ್ಕೆ ಈಡುಮಾಡುವುದು ಹೇಗೆ? ನಮ್ಮಲ್ಲಿ ಅಂಥ ಒರಟರು ಹುಟ್ಟುವುದಿಲ್ಲ. ನಾನು ಅವನ ಮುಂದೆ ಚಹಾ ಇಟ್ಟು, ಬಿಸ್ಕತ್ತು ಒಂದು ಹೆಚ್ಚಿಗೆ ಇಟ್ಟೆ. ಬಲಿ ಕೊಡುವ ಮುಂಚೆ ಕೊಡುತ್ತಾರಲ್ಲ, ಹಾಗೆ.

ಮನೆಗೆ ಹೋದ ಮೇಲೆ ಗೋಡೆಯ ಆ ಕಡೆಯಿಂದ ವಿನ್ನಿಯ ದನಿ ಕೇಳಿಸಿತು.

"ಬೆಂಚು ಏನಾಯ್ತು?"

"ಬೆಂಚಿನ ವಿಷಯ ಇವತ್ತು ಬರಲಿಲ್ಲ."

"ಮತ್ತೆ ಅಷ್ಟು ಹೊತ್ತು ಏನು ಮಾಡಿದೆ?"

"ಸದಸ್ಯ ಆದೆ."

ಪಾತ್ರೆಯೊಂದನ್ನು ಕುಕ್ಕಿದ ಸದ್ದು ಬಂತು. ಆಮೇಲೆ ವಿನ್ನಿಯೇ ಹೇಳಿದಳು: "ಹೋಗ್ಲಿ ಬಿಡು. ಒಳಗೇ ಒಬ್ಬ ಮನುಷ್ಯ ಇದ್ರೆ ಕೆಲಸ ಬೇಗ ಆಗುತ್ತೆ."

ಪಾಪ, ಹಾಗೆಂದು ಅವಳು ನಿಜವಾಗಿಯೂ ನಂಬಿದ್ದಳು. ಬರ್ನಾರ್ಡ್ ಕೂಡ ನಂಬಿದ್ದ. ದಿನಸಿ ಅಂಗಡಿಯವನು "ಬನ್ನಿ ಕೌನ್ಸಿಲರ್ ಟಟಲ್" ಎಂದು ಕರೆದ ದಿನದಿಂದ ಅವನ ನಡಿಗೆಯೇ ಬದಲಾಯಿತು. ಕಂದು ಬಣ್ಣದ ಟೈ ಬಂತು. ಬೆಳಿಗ್ಗೆ ಕೈ ಹಿಂದೆ ಕಟ್ಟಿಕೊಂಡು ಹೋಗಿ ನಾಯಿಗಳು ಮಾಡಿದ್ದನ್ನು ಬಗ್ಗಿ ಬಗ್ಗಿ ಪರಿಶೀಲಿಸುತ್ತಿದ್ದ. ಬೂಟು ತೊಡಿಸುವವನಾಗಿ ಬಗ್ಗಿದ್ದಕ್ಕೂ ಜನಪ್ರತಿನಿಧಿಯಾಗಿ ಬಗ್ಗುವುದಕ್ಕೂ ವ್ಯತ್ಯಾಸವಿದೆ ಎಂದು ಅವನ ಮುಖವೇ ಹೇಳುತ್ತಿತ್ತು.

ಮುಂದಿನ ಸಭೆಯಲ್ಲಿ ಬೆಂಚಿನ ವಿಷಯ ಬಂತು. ಬರ್ನಾರ್ಡ್ ಗಂಟಲು ಸರಿಮಾಡಿಕೊಂಡು ಎದ್ದ.

"ಒಂದು ನಿಮಿಷ," ಎಂದ ಕ್ವಿಲ್ಟರ್. "ಈ ಬೆಂಚಿನ ಮೇಲೆ ಯಾರು ಕೂರ್ತಾರೆ, ಟಟಲ್ ಅವರೇ?"

"ವಿನ್ನಿ. ನನ್ನ ಹೆಂಡ್ತಿ."

"ಹಾಗಾದ್ರೆ ಇದರಲ್ಲಿ ನಿಮಗೆ ಸ್ವಹಿತ ಇದೆ."

"ಇರೋದಕ್ಕೇ ತಾನೇ ನಾನು ಬಂದಿದ್ದು."

"ಸ್ವಹಿತ ಇರೋ ಸದಸ್ಯರು ಆ ವಿಷಯ ಮುಗಿಯೋವರೆಗೂ ಹೊರಗಿರಬೇಕು."

ನಿಯಮ ಒಳ್ಳೆಯದೇ. ಸದಸ್ಯರು ಊರ ದುಡ್ಡಿನಲ್ಲಿ ಸ್ವಂತಕ್ಕೆ ಅರಮನೆ ಕಟ್ಟಿಕೊಳ್ಳಬಾರದಲ್ಲ. ಬರ್ನಾರ್ಡ್ ವಿನಯದಿಂದ ಎದ್ದು ಹೊರಗೆ ಹೋಗಿ ಮಳೆಯಲ್ಲಿ ನಿಂತ. ಕ್ವಿಲ್ಟರ್ ತಲೆ ಎಣಿಸಿದ.

"ಇಬ್ಬರೇ ಇದೀರಿ. ಕೋರಂ ಇಲ್ಲ. ಈ ವಿಷಯ ಚರ್ಚೆ ಮಾಡೋ ಹಾಗಿಲ್ಲ."

"ಕರೀರಿ ಅವನನ್ನ," ಎಂದ ಸ್ಟಬ್ಸ್.

ಬರ್ನಾರ್ಡ್ ಒಳಗೆ ಬಂದ, ಕಾಲೊರೆಸಿಕೊಂಡು ಕೂತ.

"ಈಗ ಕೋರಂ ಇದೆ. ವಿಷಯ: ಬಸ್ ಸ್ಟಾಪಿನ ಬೆಂಚು," ಎಂದರು ಮಿಸ್ ಕ್ರಾಲಿ.

"ಸ್ವಹಿತ," ಎಂದ ಕ್ವಿಲ್ಟರ್.

ಬರ್ನಾರ್ಡ್ ಎದ್ದು ಹೊರಗೆ ಹೋದ. ಹೀಗೆ ಅವನು ಒಳಗೆ ಹೊರಗೆ ಓಡಾಡಿದ್ದನ್ನು ಎಷ್ಟು ಸಲವೆಂದು ನಾನು ಎಣಿಸಲಿಲ್ಲ. ನೆಲ ಒರೆಸುವವಳು ನಾನೇ ಆದ್ದರಿಂದ ಎಣಿಸುವ ಮನಸ್ಸಿರಲಿಲ್ಲ.

"ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಕೊಂಡು ಬಾಗಿಲಲ್ಲೇ ನಿಂತ್ಕೊಂಡ್ರೆ?" ಎಂದು ಸ್ಟಬ್ಸ್ ಕೇಳಿದ.

ಕ್ವಿಲ್ಟರ್ ನಗಲಿಲ್ಲ. ಪುಸ್ತಕ ತೆರೆದು ಬಹಳ ಹೊತ್ತು ನೋಡಿದ. "ಕಾಲಿನ ಬಗ್ಗೆ ಏನೂ ಹೇಳಿಲ್ಲ. ಕೇಳಿ ನೋಡ್ಬೇಕು," ಎಂದ.

"ಮುಂದಿನ ಸಭೆಗೆ," ಎಂದರು ಮಿಸ್ ಕ್ರಾಲಿ.

ಮುಂದಿನ ಸಭೆಯಲ್ಲಿಯೂ ಅದೇ ಆಯಿತು, ಅದರ ಮುಂದಿನದರಲ್ಲಿಯೂ ಅದೇ. ಒಂದು ಮಾತು ಮಾತ್ರ ಇಲ್ಲಿ ಹೇಳಿಬಿಡಬೇಕು. ಬೆಂಚು ಬೇಡ ಎಂದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಮಿಸ್ ಕ್ರಾಲಿಗೆ ಬೇಕಿತ್ತು, ಸ್ಟಬ್ಸ್‌ಗೆ ಬೇಕಿತ್ತು, ಕ್ವಿಲ್ಟರ್‌ಗೂ ಬೇಕಿತ್ತು. ಒಬ್ಬ ಶತ್ರುವಾದರೂ ಇದ್ದಿದ್ದರೆ ಅವನನ್ನು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಇತ್ತ ಮಂಗಳವಾರಗಳು ಬರುತ್ತಿದ್ದವು. ಬರ್ನಾರ್ಡ್ ಒಂದು ಉಪಾಯ ಮಾಡಿದ. ಅಡುಗೆಮನೆಯ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು ದಿಣ್ಣೆ ಹತ್ತಿದ. ವಿನ್ನಿ ಹಿಂದೆ ಮೆಲ್ಲಗೆ ಬಂದು ಅದರ ಮೇಲೆ ಕೂತಳು. ಬಸ್ಸು ಬಂತು, ಅವಳು ಹೋದಳು, ಎಲ್ಸಿಯ ಟೋಪಿ ನೋಡಿ ಬಂದಳು. ಅಂದು ಅವರ ಮನೆಯಲ್ಲಿ ಹಾಡು ಕೇಳಿಸಿತು. ಆದರೆ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಕುರ್ಚಿ ಹೊತ್ತರೆ ಬೂಟಿನಂಗಡಿಯ ಬೆನ್ನು ತಡೆದೀತೇ? ಕೆಲವು ವಾರಗಳಲ್ಲಿ ಬೆನ್ನು ಹಿಡಿದುಕೊಂಡಿತು. ಅಂದಿನಿಂದ ಕುರ್ಚಿಯನ್ನು ಸ್ಟಾಪಿನಲ್ಲೇ ಬಿಟ್ಟರು.

ಅದು ಅಚ್ಚುಕಟ್ಟು ಗ್ರಾಮ ಸ್ಪರ್ಧೆಯ ವರ್ಷ. ಪ್ರತಿ ಮನೆಯ ಮುಂದೆಯೂ ಹೂಕುಂಡ, ಪ್ರತಿ ಬಾಗಿಲಿಗೂ ಹೊಸ ಬಣ್ಣ. ಊರಿನ ಹೆಬ್ಬಾಗಿಲಿನಂಥ ಜಾಗದಲ್ಲಿ ಹಳದಿ ಅಡುಗೆಮನೆ ಕುರ್ಚಿ.

"ನನಗೇನೂ ಬೇಜಾರಿಲ್ಲ ಮೇಬಲ್," ಎಂದಳು ಅಂಚೆಯವಳು. "ನೋಡಿದವರು ಏನಂದ್ಕೋತಾರೆ ಅಂತ ಅಷ್ಟೆ."

"ನನಗೂ ಏನೂ ಇಲ್ಲ," ಎಂದ ದಿನಸಿ ಅಂಗಡಿಯವನು. "ಬೇರೆಯವರು ಮಾತಾಡ್ಕೋತಿದಾರೆ."

ಊರಿನಲ್ಲಿ ಯಾರಿಗೂ ಬೇಜಾರಿಲ್ಲದ ಆ ಕುರ್ಚಿಯ ಮೇಲೆ ದೂರು ಕೌನ್ಸಿಲ್ಲಿಗೆ ಬಂದೇಬಂತು. ಕ್ವಿಲ್ಟರ್ ಯೋಚಿಸಿ ಒಂದು ದಾರಿ ಹುಡುಕಿದ್ದ. ಕುರ್ಚಿಯ ಹೆಸರೆತ್ತಿದರೆ ಬರ್ನಾರ್ಡ್ ಹೊರಗೆ ಹೋಗಬೇಕು, ಹೋದರೆ ಕೋರಂ ಇಲ್ಲ. ಆದ್ದರಿಂದ ಕುರ್ಚಿಯ ಹೆಸರೇ ಬೇಡ.

"ಇದು ಸಾಮಾನ್ಯ ನಿಯಮ," ಎಂದ. "ಊರ ಜಾಗದಲ್ಲಿ ಯಾರೂ ಖಾಸಗಿ ಪೀಠೋಪಕರಣ ಇಡಬಾರದು. ಯಾರ ಕುರ್ಚಿ ಅಂತ ಇಲ್ಲಿಲ್ಲ. ಟಟಲ್ ಅವರು ಧಾರಾಳವಾಗಿ ಒಳಗಿರಬಹುದು."

ಬರ್ನಾರ್ಡ್ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಅವನನ್ನು ಮಳೆಗೆ ಅಟ್ಟದೆ ಒಳಗೆ ಕೂರಿಸಿಕೊಂಡಿದ್ದರು. ಮೊದಲ ಸಲ ಅವನೊಬ್ಬ ಪೂರ್ತಿ ಸದಸ್ಯನಾಗಿದ್ದ. ಕೃತಜ್ಞತೆಯಿಂದ ಟೈ ಸರಿಮಾಡಿಕೊಂಡ.

"ಪರವಾಗಿರೋರು?" ಎಂದರು ಮಿಸ್ ಕ್ರಾಲಿ.

ಎಲ್ಲರಿಗಿಂತ ಮೊದಲು ಮೇಲೆದ್ದ ಕೈ ಅವನದೇ. ನಾನು ಚಹಾದ ತಟ್ಟೆ ಹಿಡಿದುಕೊಂಡು ಜೋರಾಗಿ ಕೆಮ್ಮಿದೆ. ಕೈ ಇಳಿಯಲಿಲ್ಲ. ಮಿಸ್ ಕ್ರಾಲಿ ನನಗೆ ನೀರು ಕುಡಿಯಲು ಹೇಳಿದರು. ನಿಯಮ ಸರ್ವಾನುಮತದಿಂದ ಪಾಸಾಯಿತು. ಮರುದಿನ ಸ್ಟಬ್ಸ್ ಟ್ರಾಕ್ಟರಿನಲ್ಲಿ ಕುರ್ಚಿಯನ್ನು ತಂದು, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತ, ಸಭಾಭವನದ ಮೂಲೆಯಲ್ಲಿ ಇಟ್ಟುಹೋದ.

ಅಂದು ಗೋಡೆಯ ಆ ಕಡೆ:

"ನನ್ನ ಕುರ್ಚಿ ಎಲ್ಲಿ?"

"ಸಭಾಭವನದಲ್ಲಿ."

"ಯಾರು ತಗೊಂಡು ಹೋದ್ರು?"

"ಕೌನ್ಸಿಲ್ಲು."

"ಅಂಥಾ ನಿಯಮಕ್ಕೆ ಯಾರು, ಬರ್ನಾರ್ಡ್, ಕೈ ಎತ್ತಿದ್ದು?"

ಅವನು ಉತ್ತರ ಕೊಟ್ಟನೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಲವು ಉತ್ತರಗಳು ಎಷ್ಟು ತೆಳ್ಳಗಿನ ಗೋಡೆಯನ್ನೂ ದಾಟುವುದಿಲ್ಲ.

ವಿನ್ನಿಯ ಮಂಗಳವಾರಗಳು ನಿಂತುಹೋದವು. ವೃದ್ಧಾಶ್ರಮದಿಂದ ಫೋನು ಬಂತು. ನನ್ನ ಮನೆಯಲ್ಲಿ ಮಾತ್ರ ಫೋನಿದ್ದದ್ದರಿಂದ ವಿನ್ನಿ ನನ್ನ ಹಜಾರದಲ್ಲೇ ಕೂತು ಕೇಳಿದಳು. ಎಲ್ಸಿ ಈಗ ದಿನಾ ಬೆಳಿಗ್ಗೆ ಇವತ್ತು ಮಂಗಳವಾರವಾ ಎಂದು ಕೇಳುತ್ತಾಳಂತೆ. ಟೋಪಿ ತೆಗೆಯುವುದೇ ಇಲ್ಲವಂತೆ, ಹಾಕಿಕೊಂಡೇ ಮಲಗುತ್ತಾಳಂತೆ.

"ನಾನು ನಿನ್ನನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗ್ಲಾ ವಿನ್ನಿ?" ಎಂದೆ.

"ಅಯ್ಯೋ ಬೇಡ. ನಿನಗೂ ವಯಸ್ಸಾಗಿದೆ."

ಸ್ಟಬ್ಸ್ ಬಂದು ತನ್ನ ಲಾರಿಯಲ್ಲಿ ಬಿಡಲೇ ಎಂದು ಕೇಳಿದ. ಬೇಡ ಎಂದಳು. ಮಿಸ್ ಕ್ರಾಲಿ ಕಾರು ನಿಲ್ಲಿಸಿ ಕೇಳಿದರು. ಬೇಡ ಎಂದಳು. ಬಾಡಿಗೆ ಕಾರು ತರಿಸುತ್ತೇನೆ ಎಂದ ಬರ್ನಾರ್ಡ್. "ಅಕ್ಕನ್ನ ನೋಡೋಕೆ ಬಾಡಿಗೆ ಕಾರಾ? ನಾನೇನು ರಾಣೀನಾ?" ಎಂದಳು. ಪ್ರತಿಯೊಬ್ಬರೂ ಒಂದೊಂದು ಸಲ ಕೇಳಿದರು, ಒಂದೊಂದು ಸಲ ಬೇಡ ಎನಿಸಿಕೊಂಡು ಶಾಸ್ತ್ರ ಮುಗಿಸಿದರು. ನಾನೂ ಅವರಲ್ಲೊಬ್ಬಳು. ನಮ್ಮೂರ ಸಭ್ಯತೆಗೆ ಬೆಂಕಿ ಬೀಳಲಿ ಎಂದು ಅಂದೇ ಅನ್ನಿಸಿತು, ಆದರೆ ಎರಡನೇ ಸಲ ಕೇಳಲು ನಾಲಗೆ ಏಳಲಿಲ್ಲ.

"ಆ ಸದಸ್ಯತನ ಬಿಟ್ಟುಬಿಡು," ಎಂದಳು ವಿನ್ನಿ ಗಂಡನಿಗೆ. "ಮೊದಲಿನ ಹಾಗೆ ಸಾರ್ವಜನಿಕ ಆಗು. ಹಿಂದಿನ ಸಾಲಲ್ಲಿ ಕೂತು ಬಾಯಿಬಿಟ್ಟು ಕೇಳು."

ಬರ್ನಾರ್ಡ್ ಟೈ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಮಿಸ್ ಕ್ರಾಲಿಯ ಹತ್ತಿರ ಹೋದ. ಅವರು ಸಭಾಭವನದಲ್ಲಿ ಕ್ವಿಲ್ಟರ್ ಜೊತೆ ಹೂಕುಂಡಗಳ ಲೆಕ್ಕದಲ್ಲಿದ್ದರು.

"ನೀವು ಹೋದ್ರೆ ಕೋರಂ ಹೋಗುತ್ತೆ," ಎಂದರು. "ಕೋರಂ ಇಲ್ಲದೆ ಸಭೆ ಇಲ್ಲ. ಸಭೆ ಇಲ್ಲದೆ ಬೆಂಚು ಯಾರು ಕೊಡ್ತಾರೆ?"

"ಅದೂ ಅಲ್ಲದೆ," ಎಂದ ಕ್ವಿಲ್ಟರ್, "ನಿಮ್ಮ ರಾಜೀನಾಮೆ ಸಭೆ ಮುಂದೆ ಬರಬೇಕು. ಅದರಲ್ಲಿ ನಿಮಗೆ ಸ್ವಹಿತ ಇರುತ್ತೆ."

ಬರ್ನಾರ್ಡ್ ಬೆರಳು ಮಡಚಿ ಲೆಕ್ಕ ಹಾಕಿದ. "ಆಗ ನಾನು ಹೊರಗೆ ಹೋಗ್ಬೇಕು."

"ಹೌದು."

"ಹೋದ್ರೆ ಕೋರಂ ಇರಲ್ಲ."

"ಬೇಗ ಅರ್ಥ ಮಾಡ್ಕೊಂಡ್ರಿ," ಎಂದ ಕ್ವಿಲ್ಟರ್ ಮೆಚ್ಚುಗೆಯಿಂದ. "ಹಿಂದಿನವರಿಗೆ ವರ್ಷಗಟ್ಟಲೆ ಬೇಕಾಯ್ತು."

ಉಳಿದದ್ದು ಒಂದೇ ದಾರಿ. ನಾಲ್ಕನೆಯ ಸದಸ್ಯನೊಬ್ಬನನ್ನು ಹಿಡಿದು ತರಬೇಕು. ಬರ್ನಾರ್ಡ್ ಬೆನ್ನು ಹಿಡಿದುಕೊಂಡು ಮನೆ ಮನೆಗೆ ಹೋದ. ಬೆಕ್ಕಿಗೆ ಗಂಟೆ ಕಟ್ಟುವ ವಿಷಯದಲ್ಲಿ ಇಲಿಗಳು ಎಲ್ಲ ದೇಶದಲ್ಲೂ ಒಂದೇ. ದಿನಸಿ ಅಂಗಡಿಯವನು ತನ್ನ ಅಂಗಡಿಯ ಮುಂದೆಯೇ ಹುಲ್ಲಿದೆ, ಸ್ವಹಿತ ಬರುತ್ತದೆ ಎಂದ. ಪಬ್ಬಿನವನು ಸಭೆಯ ದಿನವೇ ಡಾರ್ಟ್ಸ್ ಪಂದ್ಯ ಎಂದ. ಶಾಲೆಯ ಮೇಷ್ಟ್ರು "ನಾನು ಈ ಊರಿಗೆ ಹೊಸಬ" ಎಂದರು. ಅವರ ಮೂವರು ಮಕ್ಕಳೂ ಹುಟ್ಟಿ ಬೆಳೆದು ಮದುವೆಯಾದದ್ದು ಇಲ್ಲೇ. ಪಾದ್ರಿ ಪ್ರಾರ್ಥನೆ ಮಾಡುತ್ತೇನೆ ಎಂದರು. ಹೊರಡುವಾಗ ಎಲ್ಲರೂ ಬಾಗಿಲವರೆಗೆ ಬಂದು ಒಂದೇ ಮಾತು ಹೇಳಿದರು: "ಆದರೆ ಬೆಂಚು ಮಾತ್ರ ಬೇಕೇ ಬೇಕು ಬರ್ನಾರ್ಡ್, ಬಿಡಬೇಡ."

ಕೊನೆಗೆ ನನ್ನ ಬಾಗಿಲಿಗೆ ಬಂದ. "ನೀನಾದ್ರೂ ಮೇಬಲ್?"

"ನಾನು ಸಂಬಳದವಳಲ್ವಾ ಬರ್ನಾರ್ಡ್."

"ಓ, ಹೌದು ಹೌದು," ಎಂದ. ಆ ನಿಯಮ ಮಾಡಿದವನನ್ನು ಅಂದು ಮೊದಲ ಸಲ ಶಪಿಸಿದೆ. ಕೆಲಸ ಬಿಡುತ್ತೇನೆ ಎಂದು ಕ್ವಿಲ್ಟರ್‌ಗೆ ಹೇಳಿಯೂ ನೋಡಿದೆ. ಬಿಡುಗಡೆ ಮಾಡಲು ಸಭೆ ಬೇಕು, ಸಭೆಗೆ ಬೀಗ ತೆಗೆಯುವವರು ಬೇಕು ಎಂದ.

ತುರಿಕೆ ಗಿಡಗಳು ಚಿಗುರುವ ಕಾಲ ಬಂತು. ಒಂದು ಮಂಗಳವಾರ ವಿನ್ನಿ ಕೋಟು ಹಾಕಿಕೊಂಡು ಹೊರಟೇಬಿಟ್ಟಳು. "ನಿಂತೇ ಹೋಗ್ತೀನಿ. ಕಾಲು ಮುರಿದ್ರೆ ಮುರೀಲಿ. ಅವಳು ಟೋಪಿ ಹಾಕ್ಕೊಂಡು ಕೂತಿದಾಳೆ," ಎಂದಳು. ಬರ್ನಾರ್ಡ್ ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡು ದಿಣ್ಣೆ ಹತ್ತಿಸಿದೆವು. ಬಸ್ಸು ಬರಲಿಲ್ಲ. ಕಂಬ ಹಿಡಿದು ನಿಂತಳು. ಬಸ್ಸು ಬರಲಿಲ್ಲ. ಬರ್ನಾರ್ಡ್‌ಗೆ ಒರಗಿ ನಿಂತಳು, ಅವನ ಬೆನ್ನು ಬಾಗಿತು, ಅವನನ್ನು ನಾನು ಹಿಡಿದುಕೊಂಡೆ. ಅಷ್ಟರಲ್ಲಿ 'ಅಮ್ಮಾ' ಎಂದಳು ವಿನ್ನಿ, ಸೊಂಟ ಕೈಕೊಟ್ಟಿತು. ಮೂವರೂ ಒಟ್ಟಿಗೆ ಬೇಲಿಯ ಬುಡದ ತುರಿಕೆ ಗಿಡಗಳ ಮೇಲೆ ಕೂತೆವು. ಬಿದ್ದೆವು ಎನ್ನುವುದು ಸರಿ, ಆದರೆ ವಿನ್ನಿ ಕೊನೆಯವರೆಗೂ ಕೂತೆವು ಎಂದೇ ಹೇಳುತ್ತಿದ್ದಳು.

ಆಗ ಬಸ್ಸು ಬಂತು. ಡ್ರೈವರ್ ರೆಗ್ ಬಾಗಿಲು ತೆರೆದು ಕೆಳಗೆ ನೋಡಿದ. ಮೂರು ಮುದಿ ಜೀವಗಳು ಗಿಡದೊಳಗೆ ಕೂತಿವೆ.

"ಬರ್ತೀರಾ ಮಿಸೆಸ್ ಟಟಲ್? ಕೈ ಕೊಡ್ಲಾ?"

ವಿನ್ನಿ ಟೋಪಿ ನೆಟ್ಟಗೆ ಮಾಡಿಕೊಂಡಳು. ಕಣ್ಣಲ್ಲಿ ನೀರು ನಿಂತಿತ್ತು. ಬಸ್ಸಿನ ಕಿಟಕಿಗಳಲ್ಲೆಲ್ಲ ಜನ.

"ಅಯ್ಯೋ ಬೇಡಪ್ಪ. ಇಲ್ಲೇ ಚೆನ್ನಾಗಿದೆ," ಎಂದಳು.

ಬೇಡ ಎಂದ ಮೇಲೆ ರೆಗ್ ತಾನೇ ಏನು ಮಾಡಿಯಾನು? ಟೋಪಿ ಮುಟ್ಟಿ ನಮಸ್ಕರಿಸಿ ಬಸ್ಸು ಬಿಟ್ಟ.

ಆ ವಾರ ಕಳೆಯುವುದರೊಳಗೆ ಎಲ್ಸಿ ತೀರಿಕೊಂಡಳು. ಕಿಟಕಿಯ ಹತ್ತಿರವೇ, ಟೋಪಿ ಹಾಕಿಕೊಂಡೇ. ಇಲ್ಲಿ ತಮಾಷೆ ಮಾಡಲು ನನಗೆ ಬರುವುದಿಲ್ಲ, ಮನ್ನಿಸಿ. ಗೋಡೆಯ ಆ ಕಡೆ ವಿನ್ನಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಮಣ್ಣು ಮಾಡುವ ದಿನ ಬೆಳಿಗ್ಗೆ ಅವರ ಮನೆಯ ಮುಂದೆ ಕಾರುಗಳು ಸಾಲುಗಟ್ಟಿದ್ದವು. ಮಿಸ್ ಕ್ರಾಲಿಯದು, ಪಾದ್ರಿಯದು, ಪಬ್ಬಿನವನದು, ಮೇಷ್ಟ್ರದು. ಸ್ಟಬ್ಸ್ ಲಾರಿಯನ್ನು ತೊಳೆದು ಸೀಟಿನ ಮೇಲೆ ಕಂಬಳಿ ಹಾಸಿ ತಂದಿದ್ದ. ಯಾರೂ ಬರುತ್ತೀರಾ ಎಂದು ಕೇಳಲಿಲ್ಲ. ಸಾವಿಗೆ ಕೇಳುವ ಪದ್ಧತಿ ಇಲ್ಲ, ಬಾಗಿಲು ತೆರೆದು ಕೂರಿಸಿಕೊಳ್ಳುವುದೇ. ಅಕ್ಕ ಬದುಕಿದ್ದಾಗ ಒಂದು ಸೀಟು ಹುಟ್ಟದ ಊರಿನಲ್ಲಿ ಅಕ್ಕ ಸತ್ತ ಮೇಲೆ ವಿನ್ನಿ ಯಾವ ಕಾರಿನಲ್ಲಿ ಕೂರಬೇಕೆಂಬುದೇ ಸಮಸ್ಯೆಯಾಯಿತು.

ಮುಗಿಸಿ ಬಂದ ಮೇಲೆ ಸಭಾಭವನದಲ್ಲಿ ಚಹಾ, ಹಂದಿಮಾಂಸದ ಪೈ. ಕ್ವಿಲ್ಟರ್ ಕಪ್ಪು ಕೋಟಿನಲ್ಲಿ ವಿನ್ನಿಯ ಮುಂದೆ ಬಂದು ನಿಂತ. ಅವನ ಕಣ್ಣು ಕೆಂಪಾಗಿತ್ತು, ಸುಳ್ಳೇಕೆ ಹೇಳಲಿ.

"ಮಿಸೆಸ್ ಟಟಲ್, ಒಂದು ಒಳ್ಳೆ ಸುದ್ದಿ. ಬೆಂಚು ಹಾಕಬಹುದು."

ಬರ್ನಾರ್ಡ್ ಅಭ್ಯಾಸಬಲದಿಂದ ಎದ್ದು ಬಾಗಿಲ ಕಡೆಗೆ ಹೊರಟ.

"ಕೂತ್ಕೊಳ್ಳಿ ಟಟಲ್ ಅವರೇ. ಸ್ಮಾರಕ ಬೆಂಚಿಗೆ ಸಭೆ ಬೇಡ, ಕೋರಂ ಬೇಡ. ಹಿಂದಿನವರು ಎಂದೋ ಒಪ್ಪಿಗೆ ಕೊಟ್ಟುಬಿಟ್ಟಿದ್ದಾರೆ. ಊರಿನವರ ಹತ್ತಿರದ ಸಂಬಂಧಿ ಯಾರಾದ್ರೂ ತೀರಿಕೊಂಡಿದ್ರೆ ಸಾಕು, ನಾನೇ ತರಿಸಿ ಹಾಕಿಸ್ತೀನಿ. ಸತ್ತವರಿಗೆ ಸ್ವಹಿತ ಅಂತ ಇರಲ್ಲ."

ವಿನ್ನಿ ಬಟ್ಟಲು ಕೆಳಗಿಟ್ಟಳು. "ಮೊದಲೇ ಯಾಕೆ ಹೇಳಲಿಲ್ಲ ಕ್ವಿಲ್ಟರ್?"

"ಮೊದಲು ಯಾರೂ ತೀರಿಕೊಂಡಿರಲಿಲ್ವಲ್ಲ," ಎಂದ ಆತ, ಬಹಳ ಮೆತ್ತಗೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಕೇಳಿದ್ದೆ. ನಮ್ಮವರು ಬಾಗಿಲು ಹಾಕಿ, ಅದಕ್ಕೆ ಬಣ್ಣವನ್ನೂ ಬಳಿದರು. ತುರಿಕೆ ಗಿಡ ಕಿತ್ತರು, ಬೇಲಿ ಕತ್ತರಿಸಿದರು, ಒಳ್ಳೆಯ ಓಕ್ ಮರದ ಬೆಂಚು ಬಂತು. ಒರಗುವ ಹಲಗೆಗೆ ಹಿತ್ತಾಳೆಯ ತಗಡು: "ಎಲ್ಸಿಯ ನೆನಪಿಗೆ. ಈ ಜಾಗವೆಂದರೆ ಆಕೆಗೆ ಪ್ರಾಣ." ಎಲ್ಸಿ ಜೀವಮಾನದಲ್ಲಿ ಒಂದೇ ಸಲ ಇಲ್ಲಿಗೆ ಬಂದಿದ್ದಳು, ಮತ್ತು ಊರೆಲ್ಲ ಕುರಿ ವಾಸನೆ ಎಂದು ಮೂಗು ಮುಚ್ಚಿಕೊಂಡು ಮೊದಲ ಬಸ್ಸಿಗೇ ಹೊರಟುಹೋಗಿದ್ದಳು. ಎಲ್ಲ ತಗಡಿಗೂ ಇದೇ ಒಕ್ಕಣೆ ಎಂದು ಕ್ವಿಲ್ಟರ್ ಹೇಳಿದ.

ಮಂಗಳವಾರ ಉದ್ಘಾಟನೆ. ಊರಿಗೆ ಊರೇ ದಿಣ್ಣೆಯ ಮೇಲಿತ್ತು. ನಾನು ಚಹಾ ಹೊತ್ತುಕೊಂಡು ಹೋಗಿದ್ದೆ. ಸ್ಪರ್ಧೆಯ ತೀರ್ಪುಗಾರರೂ ಬಂದು ಬೆಂಚನ್ನು ತಟ್ಟಿ ನೋಡಿ ತಲೆದೂಗಿದರು. ಮಿಸ್ ಕ್ರಾಲಿ ರಿಬ್ಬನ್ ಕತ್ತರಿಸಿ, ಜನಸೇವೆ ಎಂದರೆ ತಾಳ್ಮೆ ಎಂದು ಎರಡು ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು. ವಿನ್ನಿಯನ್ನು ಕರೆದು ನಡುವೆ ಕೂರಿಸಿದರು. ಅವಳು ಕೂತಳು. ಚೆನ್ನಾಗಿ ಕೂರಬಹುದಾದ ಬೆಂಚು. ಬರ್ನಾರ್ಡ್ ಟೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ. ಕೂರಬಹುದೋ ಕೂರಬಾರದೋ ಎಂದು ಕ್ವಿಲ್ಟರ್ ಮುಖವನ್ನೇ ನೋಡುತ್ತಿದ್ದ.

ಅಂದು ಬಸ್ಸು ಕಂಬದ ಮೇಲೆ ಬರೆದ ಹೊತ್ತಿಗೆ ಸರಿಯಾಗಿ ಬಂತು. ಅದು ಹಾಗೆ ಬಂದದ್ದನ್ನು ನಾನು ನೋಡಿದ್ದು ಆ ದಿನ ಮಾತ್ರ. ರೆಗ್ ಬಾಗಿಲು ತೆರೆದ.

"ಬರ್ತೀರಾ ಮಿಸೆಸ್ ಟಟಲ್? ಮಂಗಳವಾರ ಅಲ್ವಾ."

ವಿನ್ನಿ ಅವನನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು.

"ಬೇಡಪ್ಪ," ಎಂದಳು. "ಸುಮ್ನೆ ಕೂತಿದೀನಿ."

ರೆಗ್ ಎರಡನೇ ಸಲ ಕೇಳಲಿಲ್ಲ. ಬಸ್ಸು ಹೊರಟಿತು. ಆಗ ಬರ್ನಾರ್ಡ್ ಕೈ ಎತ್ತಿದ. ನಿಲ್ಲಿಸು ಎಂದೋ, ಹೋಗು ಎಂದೋ, ಇನ್ನೇನು ಹೇಳಬೇಕೆಂದೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ರೆಗ್ ಕನ್ನಡಿಯಲ್ಲಿ ನೋಡಿ, ಬೀಳ್ಕೊಡುತ್ತಿದ್ದಾರೆ ಎಂದುಕೊಂಡು, ತಾನೂ ಕೈ ಬೀಸಿ ತಿರುವಿನಲ್ಲಿ ಮರೆಯಾದ. ಜನ ಚಹಾ ಮುಗಿಸಿ ಒಬ್ಬೊಬ್ಬರಾಗಿ ದಿಣ್ಣೆ ಇಳಿದರು. ನಾನು ಬಟ್ಟಲುಗಳನ್ನು ಆಯ್ದುಕೊಳ್ಳುತ್ತಿದ್ದೆ.

"ಈಗ ಯಾಕೆ ಕೈ ಎತ್ತಿದೆ?" ಎಂದು ವಿನ್ನಿ ಕೇಳಿದಳು.

"ಗೊತ್ತಿಲ್ಲ," ಎಂದ ಬರ್ನಾರ್ಡ್. ಕೈ ಇನ್ನೂ ಮೇಲೆಯೇ ಇತ್ತು.

ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಅವನ ಕೈಯನ್ನು ಹಿಡಿದು ಕೆಳಗಿಳಿಸಿ, ತನ್ನ ಮಡಿಲಲ್ಲಿ ಇಟ್ಟುಕೊಂಡಳು.